ಊರಳಿವಿನ ನಂತರ

ಹಾಸನ ಜಿಲ್ಲೆಯಲ್ಲಿ ಚನ್ನರಾಯಪಟ್ಟಣದ ಕಡೆಗೋ ಅರಕಲಗೂಡಿನ ಕಡೆಗೋ ಹೊರಟರೆ ದಾರಿಯುದ್ದಕ್ಕೂ ವೀರಗಲ್ಲುಗಳು ಸಿಗುತ್ತವೆ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರಮುಂದಿನ ಅರಳಿಕಟ್ಟೆಯ ಬುಡದಲ್ಲಿ ಅವು ವಾಲಿಕೊಂಡು ನಿಂತಿರುತ್ತವೆ. ಕೆಲವಕ್ಕೆ ಅರಿಸಿನ ಕುಂಕುಮ ಬಿದ್ದಿರುತ್ತದೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದ್ದು. ವೀರಗಲ್ಲಿನ ಶಾಸನಗಳನ್ನು ಓದುತ್ತ ಹೋದವರಿಗೆ ಮೂರು ಮಾತು ಬೇಗನೆ ಪರಿಚಯವಾಗುತ್ತವೆ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನ ಹೊಡೆದುಕೊಂಡು ಹೋದದ್ದು, ಊರು ಹಾಳುಮಾಡಿದ್ದು, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಎದ್ದ ಹುಯ್ಯಲು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಎದುರು ಕುಳಿತ ವೀರ. ಕತೆ ಮೂರೇ ಮೆಟ್ಟಿಲಲ್ಲಿ ಮುಗಿಯುತ್ತದೆ.

ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಇಷ್ಟು ನೇರವಾದ ಪದ ಇಂದಿನ ಕಂದಾಯ ಇಲಾಖೆಯಲ್ಲಿ ಒಂದೂ ಇಲ್ಲ. ನಾವು ‘ಪರಿಹಾರ’ ಎನ್ನುತ್ತೇವೆ, ನೋವು ಅದರಿಂದ ಪರಿಹಾರವಾಯಿತೇನೋ ಎಂಬಂತೆ. ಆ ಕಾಲದವರು ನೆತ್ತರನ್ನು ನೆತ್ತರೆಂದೇ ಬರೆದರು. ಆದರೂ ಸತ್ತವನ ಗತಿ, ಭೂಮಿಯ ಎಲ್ಲೆ, ದಾನಕ್ಕೆ ಅಳುಪಿದವನಿಗೆ ತಟ್ಟುವ ಪಾಪ, ಇವನ್ನೆಲ್ಲ ಹೇಳುವ ಶಾಸನ ಒಂದನ್ನು ಹೇಳುವುದಿಲ್ಲ. ಹುಯ್ಯಲಿಟ್ಟ ಆ ಹೆಣ್ಣು ಬದುಕಿ ಉಳಿದಿದ್ದರೆ, ಮಾರನೆಯ ರಾತ್ರಿ ಹೇಗೆ ಮಲಗಿದಳು? ನಾಯಿ ಬೊಗಳಿದರೆ ಎಷ್ಟು ವರ್ಷ ಬೆಚ್ಚಿಬಿದ್ದಳು? ಹಿಂಸೆಯ ನಂತರ ಬದುಕಿದವರ ಮನಸ್ಸಿನ ಚರಿತ್ರೆ ನಮ್ಮಲ್ಲಿ ಕಲ್ಲಿಗೆ ಏರಲಿಲ್ಲ, ಬಹುಕಾಲ ಕಾಗದಕ್ಕೂ ಬರಲಿಲ್ಲ.

ಹಾಗೆಂದು ಜನ ಕೈಕಟ್ಟಿ ಕುಳಿತಿರಲಿಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದನ್ನು ನಮ್ಮ ಕಡೆ ಇನ್ನೂ ಕೇಳಬಹುದು. ಹನ್ನೊಂದು ದಿನ ಮನೆ ತುಂಬ ಜನ, ಒಲೆ ಹಚ್ಚದ ಮನೆಗೆ ನೆಂಟರಿಂದ ಬರುವ ಊಟ, ಬೆಚ್ಚಿದ ಮಗುವಿಗೆ ಅಂತ್ರ ತಾಯಿತ, ಹರಕೆ, ದೇವರು ಮೈದುಂಬಿ ಆಡುವ ಮಾತು. ಇವನ್ನು ಮೂಢನಂಬಿಕೆ ಎಂದು ಒಟ್ಟಿಗೆ ಗುಡಿಸಿಹಾಕುವುದು ಸುಲಭ. ಅವುಗಳಲ್ಲಿ ಕೆಲವು ಮಾಡುತ್ತಿದ್ದ ಕೆಲಸ ಮಾತ್ರ ದೊಡ್ಡದು. ದುಃಖಕ್ಕೆ ಹೊತ್ತು ಗೊತ್ತು ಮಾಡಿ, ದುಃಖಿಯನ್ನು ಒಬ್ಬಂಟಿಯಾಗಲು ಬಿಡುತ್ತಿರಲಿಲ್ಲ. ಕನ್ನಡದಲ್ಲಿ ಈ ಸ್ಥಿತಿಗಳಿಗೆ ಪದಗಳ ಕೊರತೆಯೂ ಇಲ್ಲ. ದಿಗಿಲು ಬೇರೆ, ಕಳವಳ ಬೇರೆ, ತಳಮಳ ಬೇರೆ, ಎದೆಗುದಿ ಬೇರೆ. ಇಂಗ್ಲಿಷಿನಿಂದ ಬಂದ ‘ಟೆನ್ಷನ್’ ಈ ನಾಲ್ಕನ್ನೂ ನುಂಗಿ ಕೂತಿದೆ.

ಆದರೆ ಈ ಏರ್ಪಾಡಿನ ಬುಡದಲ್ಲೊಂದು ನಂಬಿಕೆ ಇದೆ: ಊರು ನಮ್ಮ ಜೊತೆಗಿದೆ ಎಂಬುದು. ಪ್ರವಾಹ ಬಂದಾಗ, ಸಿಡಿಲು ಬಡಿದಾಗ ಅದು ನಿಜ. ಹಿಂಸೆ ಊರೊಳಗಿನಿಂದಲೇ ಎದ್ದಾಗ, ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಡೇರಿಗೆ ಹಾಲು ಹಾಕುವವರಾದಾಗ, ಹರಕೆ ಹೊರಬೇಕಾದ ಗುಡಿಯೇ ಜಗಳದ ಮೂಲವಾದಾಗ, ಯಾರ ಹೆಗಲ ಮೇಲೆ ತಲೆಯಿಟ್ಟು ಅಳುವುದು? ಹಳೆಯ ಏರ್ಪಾಡು ಸೋಲುವುದು ಇಲ್ಲಿ.

ಹೊಸದು ಎಂದು ಬಂದದ್ದು ಆಸ್ಪತ್ರೆ. ಬೆಂಗಳೂರಿನ ‘ಲುನಾಟಿಕ್ ಅಸೈಲಂ’ ಆರಂಭವಾದದ್ದು 1847ರಲ್ಲಿ. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. 1954ರಲ್ಲಿ ಅದರ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. 1974ರ ಡಿಸೆಂಬರ್ 27ರಂದು ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಮತ್ತೆ ಮತ್ತೆ ಬದಲಾದರೂ ಹಳ್ಳಿಯ ಬಾಯಲ್ಲಿ ಉಳಿದದ್ದು ‘ಹುಚ್ಚಾಸ್ಪತ್ರೆ’ಯೇ. ಜಗಳದಲ್ಲಿ ಬಯ್ಯುವುದಕ್ಕೆ ಬಳಕೆಯಾಗುವ ಸಂಸ್ಥೆಯೊಂದರ ಬಾಗಿಲಿಗೆ, ಕನಸಿನಲ್ಲಿ ಕಿರುಚಿಕೊಳ್ಳುವ ಹೆಂಡತಿಯನ್ನು ಯಾವ ಗಂಡ ಕರೆದೊಯ್ದಾನು?

ವೈದ್ಯಲೋಕಕ್ಕೂ ಈ ಜನ ಕಾಣುತ್ತಿರಲಿಲ್ಲ. ದೇಶ ವಿಭಜನೆಯಲ್ಲಿ ಕೋಟಿಗೂ ಹೆಚ್ಚು ಮಂದಿ ಗಡಿ ದಾಟಿದರು, ಲಕ್ಷಗಟ್ಟಲೆ ಜನ ಸತ್ತರು. ಅಂದಿನ ಭಾರತೀಯ ಮನೋವೈದ್ಯರು ಅದರ ಬಗ್ಗೆ ಬರೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಆಸ್ಪತ್ರೆಯೊಳಗಿದ್ದ ರೋಗಿಗಳನ್ನು ಎರಡು ದೇಶಗಳು ಹಂಚಿಕೊಂಡದ್ದು ಮಾತ್ರ ದಾಖಲಾಯಿತು. ಅದೂ ನಮ್ಮ ನೆನಪಿನಲ್ಲಿ ಉಳಿದಿರುವುದು ಕಡತದಿಂದಲ್ಲ, ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಕತೆಯಿಂದ. ಈ ಮೌನವನ್ನು ಪ್ರಶ್ನಿಸುವ ಪುಸ್ತಕವೊಂದನ್ನು ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ದೆಹಲಿಯ ಅಲೋಕ್ ಸರೀನ್ ಸಂಪಾದಿಸಿ ತಂದದ್ದು 2018ರಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ.

ದೊಡ್ಡ ಭಯವನ್ನು ಉಂಡವರ ಮನಸ್ಸಿಗೆ ಆಗುವ ಗಾಯಕ್ಕೆ ಅಮೆರಿಕದ ಮನೋವೈದ್ಯರು ಅಧಿಕೃತ ಹೆಸರು ಕೊಟ್ಟದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯದ ಹಿನ್ನೆಲೆಯಲ್ಲಿ. ಮರುವರ್ಷವೇ, 1981ರ ಫೆಬ್ರುವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ನಿಮ್ಹಾನ್ಸ್‌ನವರು ಸತ್ತವರ ಮನೆಗಳಿಗೆ ಹೋಗಿ ಅಳಿದುಳಿದವರ ದುಃಖವನ್ನು ಅಧ್ಯಯನ ಮಾಡಿದರು. ವಿಪತ್ತಿನ ನಂತರದ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. ರೋಗಿ ಬಾಗಿಲಿಗೆ ಬರಲಿ ಎಂದು ಕಾಯದೆ ವೈದ್ಯರೇ ಬಾಗಿಲು ತಟ್ಟಿದ್ದು ಅಲ್ಲಿ ಮುಖ್ಯ ಸಂಗತಿ. ಇದಕ್ಕೆ ಪೂರ್ವತಯಾರಿ ಆಗಿತ್ತು. ಎಪ್ಪತ್ತರ ದಶಕದ ನಡುವಿನಿಂದಲೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ತೊಂದರೆಗಳನ್ನು ಗುರುತಿಸುವುದನ್ನು ಕಲಿಸುವ ಪ್ರಯೋಗ ನಡೆದಿತ್ತು. ಎಂಬತ್ತರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹರಡಿತು. ಇಂದು ದೇಶದ ಉದ್ದಗಲಕ್ಕೂ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಳ್ಳಾರಿಯ ಕೂಸು. ಆ ಜಿಲ್ಲೆಯನ್ನು ಗಣಿಗೆ ಮಾತ್ರ ನೆನೆಯುವವರಿಗೆ ಇದು ಗೊತ್ತಿರಲಿ.

1984ರ ಕೊನೆಗೆ ಎರಡು ಘಟನೆಗಳು ಒಂದರ ಬೆನ್ನಿಗೆ ಒಂದು ನಡೆದವು. ಡಿಸೆಂಬರಿನ ಭೋಪಾಲ್ ಅನಿಲ ದುರಂತ ಅವುಗಳಲ್ಲೊಂದು. ಆ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಆಗ ಮನೋವೈದ್ಯರೇ ಇರಲಿಲ್ಲ. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಅಲ್ಲಿಗೆ ಹೋದರು. ಗಾಯಾಳುಗಳ ಚಿಕಿತ್ಸೆಯಲ್ಲಿದ್ದ ಸಾಮಾನ್ಯ ವೈದ್ಯರಿಗೇ ಮನಸ್ಸಿನ ಆರೈಕೆಯ ತರಬೇತಿ ಕೊಡುವ ಕೆಲಸ ಆರಂಭವಾಯಿತು. ಮುಂದೆ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವಾರ್ಷಿಕ ವರದಿಯನ್ನು ಪೂರ್ತಿ ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟಾಗ ಅದರ ಪ್ರಧಾನ ಸಂಪಾದಕರು ಇದೇ ಶ್ರೀನಿವಾಸಮೂರ್ತಿ.

ಇನ್ನೊಂದು ಘಟನೆ, ಭೋಪಾಲಕ್ಕೆ ತಿಂಗಳ ಮುಂಚೆ ದೆಹಲಿಯಲ್ಲಿ ನಡೆದ ಸಿಖ್ಖರ ಹತ್ಯಾಕಾಂಡ. ಅಲ್ಲಿ ಸುಲ್ತಾನಪುರಿಯ ವಿಧವೆಯರ ನಡುವೆ ಕೆಲಸ ಮಾಡಿದವರಲ್ಲಿ ಮಾನವಶಾಸ್ತ್ರಜ್ಞೆ ವೀಣಾ ದಾಸ್ ಒಬ್ಬರು. ಆ ಅನುಭವದಿಂದ ಅವರು ಬರೆದ ಪ್ರಬಂಧದ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ನಮ್ಮ ಕೆಲಸ ಅಳುವುದು, ನಿಮ್ಮ ಕೆಲಸ ಕೇಳುವುದು’ ಎಂದಾಗುತ್ತದೆ. ಭೋಪಾಲದ ಹೆಣ್ಣಿಗೆ ತನ್ನ ಗಂಡನನ್ನು ಕೊಂದದ್ದು ಗಾಳಿ. ಸುಲ್ತಾನಪುರಿಯ ಹೆಣ್ಣಿಗೆ ಕೊಂದವನ ಮುಖ ಗೊತ್ತು, ಅವನ ಮನೆ ಗೊತ್ತು, ಅವನು ನಾಳೆ ಅದೇ ಬೀದಿಯಲ್ಲಿ ಎದುರಾಗುತ್ತಾನೆಂಬುದೂ ಗೊತ್ತು. ಈ ಎರಡು ಗಾಯಗಳಿಗೆ ಒಂದೇ ಮುಲಾಮು ಸಾಲದು.

ಇದಕ್ಕೆ ತಕ್ಕ ಪಾಠಗಳು ನಿಮ್ಹಾನ್ಸ್‌ನಲ್ಲಿ ಸಿದ್ಧವಾದದ್ದು 2002ರ ಗುಜರಾತ್ ಗಲಭೆಗಳ ಬಳಿಕ. ಒಡಿಶಾದ 1999ರ ಚಂಡಮಾರುತ, ಗುಜರಾತಿನದೇ 2001ರ ಭೂಕಂಪ, ಇವುಗಳಲ್ಲಿ ದುಡಿದು ಅನುಭವವಿದ್ದ ಕೆ. ಶೇಖರ್ ಮೊದಲಾದ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಗಲಭೆಯ ಸಂತ್ರಸ್ತರಿಗೆಂದೇ ಕೈಪಿಡಿಗಳನ್ನು ಬರೆದರು. ಅವು ಅಚ್ಚಾದದ್ದು ಬೆಂಗಳೂರಿನಲ್ಲಿ. ಶಿಬಿರಗಳಲ್ಲಿ ಕೆಲಸ ಮಾಡಿದ ‘ಅಮನ್ ಪಥಿಕ’ರೆಂಬ ಸ್ವಯಂಸೇವಕರಲ್ಲಿ ವೈದ್ಯರಲ್ಲದವರು, ತಾವೇ ಎಲ್ಲವನ್ನೂ ಕಳೆದುಕೊಂಡಿದ್ದವರು ಇದ್ದರು. ಅವರಿಗೆ ಕಲಿಸಿದ್ದು ದೊಡ್ಡ ಶಾಸ್ತ್ರವೇನಲ್ಲ. ಎದುರಿನವರು ಹೇಳಿಕೊಳ್ಳಲಿ ಎಂದು ಕಾಯುವುದು, ಹೇಳುವಾಗ ನಡುವೆ ಬಾಯಿ ಹಾಕದಿರುವುದು, ಅಳುವವರನ್ನು ‘ಅಳಬೇಡ’ ಎನ್ನದಿರುವುದು, ಮತ್ತೆ ನಿಧಾನವಾಗಿ ಅಡುಗೆಗೆ, ಹೊಲಿಗೆಗೆ, ಆಟಕ್ಕೆ, ಪ್ರಾರ್ಥನೆಗೆ ಕೈಹಚ್ಚಿಸುವುದು. ನಮ್ಮ ಸಾವಿನ ಮನೆಯ ಅಜ್ಜಿಯರು ಇದನ್ನು ಓದಿದ್ದರೆ ನಕ್ಕುಬಿಡುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದೂ ಅಲ್ಲಿತ್ತು. ಬಲವಂತವಾಗಿ ಕತೆ ಹೇಳಿಸಬಾರದು ಎಂಬುದು ಅದರಲ್ಲಿ ಮುಖ್ಯವಾದದ್ದು. ಘಟನೆ ನಡೆದ ಕೂಡಲೇ ಎಲ್ಲವನ್ನೂ ಬಾಯಿಬಿಡಿಸಿದರೆ ಮನಸ್ಸು ಹಗುರಾಗುತ್ತದೆಂದು ಒಂದು ಕಾಲಕ್ಕೆ ತಜ್ಞರೂ ನಂಬಿದ್ದರು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂಬುದು ಆಮೇಲೆ ತಿಳಿಯಿತು. ಸುದ್ದಿವಾಹಿನಿಯ ಮೈಕು ಹಿಡಿದವರಿಗೆ ಇದಿನ್ನೂ ತಿಳಿದಂತಿಲ್ಲ.

ಬಹುಪಾಲು ಜನ ಔಷಧಿಯಿಲ್ಲದೆ ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ಮೊದಲು ಸುರಕ್ಷಿತವಾದ ಜಾಗ, ತಮ್ಮವರ ಸುದ್ದಿ, ಅನ್ನ, ನಿದ್ದೆ ಸಿಗಬೇಕು. ತಿಂಗಳು ಕಳೆದರೂ ಘಟನೆ ಕಣ್ಣೆದುರೇ ಮತ್ತೆ ನಡೆದಂತಾಗುತ್ತಿದ್ದರೆ, ಸಣ್ಣ ಸದ್ದಿಗೂ ಮೈ ನಡುಗಿದರೆ, ಆ ದಾರಿಯಲ್ಲಿ ಕಾಲಿಡಲೇ ಆಗದಿದ್ದರೆ, ಕುಡಿತ ಹೆಚ್ಚಿದರೆ, ಬದುಕು ಸಾಕೆನಿಸಿದರೆ, ಅದು ಧೈರ್ಯ ಸಾಲದೆ ಆದದ್ದಲ್ಲ, ವೈದ್ಯರ ಬಳಿ ಹೋಗಬೇಕಾದ ಸ್ಥಿತಿ.

ಗುಜರಾತಿಗೆ ಎರಡು ವರ್ಷ ಮೊದಲು, 2000ದ ಮಾರ್ಚ್ 11ರಂದು, ನಿಮ್ಹಾನ್ಸ್‌ನಿಂದ ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಕಂಬಾಲಪಲ್ಲಿ ನಡೆಯಿತು. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ದಲಿತರ ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಹಚ್ಚಲಾಯಿತು. ಏಳು ಜನ ಸುಟ್ಟು ಸತ್ತರು. ಮಂತ್ರಿಗಳು ಬಂದರು, ಪರಿಹಾರ ಬಂತು, ಉಳಿದವರಿಗೆ ಬೇರೆ ಕಡೆ ನೆಲೆ ಸಿಕ್ಕಿತು. ವಿಚಾರಣೆ ಮುಗಿಯುವಷ್ಟರಲ್ಲಿ 2006ರ ಡಿಸೆಂಬರ್ ಬಂದಿತ್ತು. ಮುಖ್ಯ ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಜನರನ್ನು ಕಾನೂನಿನ ಲೆಕ್ಕದಲ್ಲಿ ಯಾರೂ ಸುಡಲಿಲ್ಲ.

‘ಸಾಕ್ಷಿ ಪ್ರತಿಕೂಲವಾದರು’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಕೋರ್ಟಿನ ಭಾಷೆಯಲ್ಲಿ ಅದೊಂದು ತಾಂತ್ರಿಕ ಪದ. ಹೊರಗಿನವರು ಕೇಳಿದಾಗ ದುಡ್ಡು ತಿಂದರೆಂದೋ ರಾಜಿಯಾದರೆಂದೋ ಮಾತಾಡಿಕೊಳ್ಳುತ್ತಾರೆ. ಆದರೆ ಆರು ವರ್ಷದ ಹಿಂದೆ ಹೊತ್ತಿ ಉರಿದ ಮನೆಯನ್ನು ಕಂಡವರೊಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿ, ಎದುರಿಗೆ ಆರೋಪಿಗಳನ್ನು ಕೂರಿಸಿ, ಹೇಳು ಎನ್ನುವಾಗ ಏನಾಗುತ್ತದೆ? ತೀರಾ ಭಯಪಟ್ಟವರ ನೆನಪು ಚೂರುಚೂರಾಗಿರಬಹುದು. ಬೆಂಕಿಯ ವಾಸನೆ ನೆನಪಿದ್ದು ಗಂಟೆ ಎಷ್ಟೆಂಬುದು ಮರೆತಿರಬಹುದು. ಪಾಟೀಸವಾಲಿಗೆ ಬೇಕಾದದ್ದು ಗಂಟೆ. ಅದಕ್ಕೆ ಜೀವದ ಬೆದರಿಕೆ, ಕೂಲಿಯ ಅವಲಂಬನೆ, ಕೋರ್ಟಿನ ಅಲೆದಾಟ ಕೂಡಿದರೆ ಬಾಯಿ ಕಟ್ಟುತ್ತದೆ. ಕಂಬಾಲಪಲ್ಲಿಯ ಯಾವ ಸಾಕ್ಷಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಇಲ್ಲಿ ಕೂತು ತೀರ್ಮಾನಿಸುತ್ತಿಲ್ಲ. ನನ್ನ ವಾದ ಇಷ್ಟೇ: ಹಿಂಸೆಗೆ ಸಿಕ್ಕವರ ಮನಸ್ಸಿನ ಆರೈಕೆಯನ್ನು ನಾವು ಕರುಣೆಯ ಖಾತೆಗೆ ಬರೆಯುತ್ತೇವೆ, ಅದು ನ್ಯಾಯದ ಖಾತೆಗೆ ಸೇರಬೇಕಾದದ್ದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆಂದೇ ಒಂದು ಅಧ್ಯಾಯ ಸೇರಿಸಿತು. ಸಾಕ್ಷಿ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ. ಕಂಬಾಲಪಲ್ಲಿಯವರಿಗೆ ಎರಡೂ ತಡವಾಗಿ ಬಂದವು.

ಭಯ ಹರಡಲು ಬೆಂಕಿಯೇ ಬೀಳಬೇಕೆಂದಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಮೇಲೆ ಎದ್ದ ಗಲಭೆಯಲ್ಲಿ ಬೆಂಗಳೂರಿನ ತಮಿಳು ಕೂಲಿಕಾರರು ಮೂಟೆ ಕಟ್ಟಿಕೊಂಡು ಹೊರಟದ್ದು ಕಣ್ಣೆದುರಿನ ಹಿಂಸೆಗೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಗುವಾಹಟಿಯ ರೈಲು ಹತ್ತಿದ್ದು ಮೊಬೈಲಿನಲ್ಲಿ ಹರಿದಾಡಿದ ವದಂತಿಗೆ. ಕೇಂದ್ರ ಸರ್ಕಾರ ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಕೆಲ ದಿನ ನಿರ್ಬಂಧಿಸಿತು. ಪ್ಲಾಟ್‌ಫಾರ್ಮಿನಲ್ಲಿ ಕೂತವರ ಎದೆಬಡಿತಕ್ಕೆ ವದಂತಿಗೂ ವಾಸ್ತವಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ.

ಹಾಸನದ ಮಟ್ಟಿಗೆ ಹಿಂಸೆ ಬಹುಪಾಲು ಸದ್ದಿಲ್ಲದೆ ನಡೆಯುವಂಥದ್ದು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ಗುಡಿಯೊಳಗೆ ಹೋದದ್ದಕ್ಕೆ ದಂಡ ಹಾಕಿದರೆಂಬ ದೂರು ರಾಜ್ಯದ ಸುದ್ದಿಯಾಯಿತು. ಊರು ಎರಡಾಗಿ, ಅಧಿಕಾರಿಗಳು ಸಭೆಯ ಮೇಲೆ ಸಭೆ ನಡೆಸಬೇಕಾಯಿತು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ಗುಡಿ ಪ್ರವೇಶಿಸಿದರು. ಫೋಟೋ ಬಂತು. ಫೋಟೋದ ನಂತರದ ದಿನಗಳ ಬಗ್ಗೆ ಪತ್ರಿಕೆಗಳು ಬರೆಯುವುದು ಅಪರೂಪ. ಇಂಥ ಊರುಗಳಲ್ಲಿ ಯಾರೂ ಯಾರನ್ನೂ ಮುಟ್ಟದೆಯೇ ಹಿಂಸಿಸಬಹುದು. ಕೂಲಿಗೆ ಕರೆಯದಿದ್ದರೆ ಆಯಿತು, ಅಂಗಡಿಯಲ್ಲಿ ‘ಸಾಮಾನಿಲ್ಲ’ ಎಂದರೆ ಆಯಿತು, ಎದುರಾದಾಗ ಮುಖ ತಿರುಗಿಸಿದರೆ ಆಯಿತು. 2016ರ ತಿದ್ದುಪಡಿ ಬಹಿಷ್ಕಾರವನ್ನೂ ಅಪರಾಧವೆಂದು ಹೆಸರಿಸಿದೆ. ಆದರೆ ಮುಖ ತಿರುಗಿಸಿದ್ದಕ್ಕೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ಮೈಮೇಲೆ ಗಾಯವಿದ್ದರೆ ತೋರಿಸಬಹುದು. ನಿದ್ದೆ ಹೋದ ರಾತ್ರಿಗಳನ್ನು ಶಾಂತಿಸಭೆಯಲ್ಲಿ ತೋರಿಸಲಾಗದು. ಅಂಥ ಸಭೆಗಳಲ್ಲಿ ತಹಶೀಲ್ದಾರರು, ಪೊಲೀಸರು, ಎರಡೂ ಕಡೆಯ ಮುಖಂಡರು ಇರುತ್ತಾರೆ. ಗುಡಿಯೊಳಗೆ ಹೋದ ಹೆಂಗಸರು ಸಾಮಾನ್ಯವಾಗಿ ಹಿಂದೆ, ನಿಂತುಕೊಂಡು.

ನೆರವು ಈಗ ಹಿಂದಿನಷ್ಟು ದೂರವಿಲ್ಲ. ಬೆಂಗಳೂರಿನ ಬಸ್ಸು ಹತ್ತಲೇಬೇಕೆಂದಿಲ್ಲ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇದೆ. ‘ಮನೋಚೈತನ್ಯ’ ಎಂಬ ರಾಜ್ಯ ಸರ್ಕಾರದ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡಿದೆ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಬರೆದ ಸರಳ ಕನ್ನಡದ ಪುಸ್ತಕಗಳು ‘ಹುಚ್ಚು’ ಎಂಬ ಒಂದು ಪದದ ಬದಲು ಹತ್ತು ಪದಗಳನ್ನು ಓದುಗರ ಕೈಗೆ ಕೊಟ್ಟಿವೆ. ಆದರೂ ತಾಲ್ಲೂಕು ಆಸ್ಪತ್ರೆಯ ಸಾಲೆಂದರೆ ಊರಿನದೇ ಇನ್ನೊಂದು ಸಾಲು. ಚೀಟಿ ಬರೆಸುವಾಗ ಹಿಂದೆ ನಿಂತವರು ಯಾರೆಂದು ನೋಡಿಕೊಳ್ಳಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆಯೂ ಆ ಬೀದಿಯವಳೋ ಈ ಬೀದಿಯವಳೋ ಆಗಿರುತ್ತಾಳೆ.

ಈ ಮುಜುಗರವನ್ನು ಸ್ವಲ್ಪವಾದರೂ ದಾಟಿಸಿರುವುದು ಟೆಲಿಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾತಾಡಿದ ಮೇಲೆ ಬೇಕಿದ್ದರೆ ಹತ್ತಿರದ ವೈದ್ಯರ ಕಡೆಗೆ ದಾರಿ ತೋರಿಸುತ್ತಾರೆ. ಎರಡು ಕೋಣೆಯ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ, ಫೋನು ಹಿಡಿದು ಹಿತ್ತಲಿಗೆ ಹೋಗಬೇಕಾಗುತ್ತದೆ. ದನಿ ತಗ್ಗಿಸಿಯೇ ಮಾತಾಡಬೇಕಾಗುತ್ತದೆ. ಹಿತ್ತಲ ಗೋಡೆಯ ಆಚೆಗಿರುವುದು ಅವರ ಬೀದಿ.